ಸಾಫ್ಟ್‌ವೇರ್ ಆಮೇಲೆ, ಮೊದಲು ಒಂದು ಚೀಟಿ

ಚಿ. ಪುಟ್ಟಿಗೆ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಿನ್ನ ಮಾತಿಗಿಂತ ನೀನು ಚೀಲ ಹೊಲಿಸುವ ಜಾಗದ ಗಲಾಟೆಯೇ ಜಾಸ್ತಿ ಕೇಳಿಸಿತು. "ದೊಡ್ಡಮ್ಮಾ, ಒಂದು ನಿಮಿಷ" ಅಂತ ಆರು ಸಲ ಫೋನ್ ಪಕ್ಕಕ್ಕಿಟ್ಟೆ. ಝಿಪ್ ಎಲ್ಲಿದೆ, ಈ ಚೀಲಕ್ಕೆ ಯಾವ ಬಣ್ಣದ ದಾರ, ಆ ಬಿಲ್ ಕಳಿಸಿಬಿಡಲಾ, ಎಲ್ಲದಕ್ಕೂ ನೀನೇ ಬೇಕು. ಅದರ ನಡುವೆ ನೀನು ನನ್ನನ್ನು ಕೇಳಿದ್ದು, ಆರ್ಡರುಗಳ ಲೆಕ್ಕ ಇಡೋಕೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ ಅಂತ.

ಸದ್ಯಕ್ಕೆ ಯಾವುದೂ ಬೇಡ. ಅಚ್ಚಿನ ಪ್ರೆಸ್ ನಡೆಸುತ್ತಿದ್ದಾಗ ನಾನೂ ಒಂದು ತಂದಿದ್ದೆ. ಮೂರು ತಿಂಗಳು ಅದರಲ್ಲೂ ಬರೆದೆವು, ಹಳೇ ಪುಸ್ತಕದಲ್ಲೂ ಬರೆದೆವು. ಕೆಲಸ ಎರಡರಷ್ಟಾಯಿತು. ನಾಲ್ಕನೇ ತಿಂಗಳು ಅದರ ಪಾಸ್‌ವರ್ಡ್ ಕೂಡ ಯಾರಿಗೂ ನೆನಪಿರಲಿಲ್ಲ. ತಪ್ಪು ಸಾಫ್ಟ್‌ವೇರಿನದಲ್ಲ. ನಮ್ಮ ಕೆಲಸ ಎಲ್ಲಿ ನಿಲ್ಲುತ್ತದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಅದು ಗೊತ್ತಾಗಿದ್ದು ಒಂದು ಚೀಟಿಯಿಂದ. ಒಂದು ಲೆಟರ್‌ಹೆಡ್ ಆರ್ಡರಿಗೆ ಚೀಟಿ ಸಿಕ್ಕಿಸಿ, ಯಾರ ಕೈಗೆ ಬಂದರೂ ಬಂದ ಹೊತ್ತು, ಬಿಟ್ಟ ಹೊತ್ತು ಬರೆಯಿರಿ ಅಂದೆ. ಸೋಮವಾರ ಬೆಳಿಗ್ಗೆ ಬಂದ ಆರ್ಡರ್ ಶುಕ್ರವಾರ ಸಂಜೆ ಹೊರಗೆ ಹೋಯಿತು. ಮಷಿನ್ ಓಡಿದ್ದು ಬರೀ 40 ನಿಮಿಷ. ಕಾಗದಕ್ಕೆ ಒಂದು ದಿನ ಕಾದಿತ್ತು, ಬಿಲ್ಲಿಗೆ ಇನ್ನೊಂದು ದಿನ. ಪೂರ್ತಿ ಎರಡು ದಿನ ಕಾದಿದ್ದು ಎಲ್ಲಿ ಗೊತ್ತಾ? ನನ್ನ ಮೇಜಿನ ಮೇಲೆ, ಪ್ರೂಫ್, ಅಂದರೆ ತಪ್ಪು ನೋಡೋಕೆ ತೆಗೆದ ಕರಡು ಅಚ್ಚು, ನೋಡಿ ನಾನು ಸರಿ ಅನ್ನಲಿ ಅಂತ. ಅಷ್ಟು ದಿನ ಮಷಿನ್ ಹುಡುಗರು ನಿಧಾನ ಅಂತ ನಾನು ಗೊಣಗುತ್ತಿದ್ದೆ!

ನೀನೂ ನಾಳೆಯಿಂದ ಹತ್ತು ಆರ್ಡರಿಗೆ ಚೀಟಿ ಸಿಕ್ಕಿಸು. ಕತ್ತರಿಸಿದ ಹೊತ್ತು, ಹೊಲಿದ ಹೊತ್ತು, ನೋಡಿ ಕಟ್ಟಿದ ಹೊತ್ತು, ಕಳಿಸಿದ ಹೊತ್ತು, ಇಷ್ಟು ಸಾಕು. ನಡುವೆ ಸುಮ್ನೆ ಬಿದ್ದಿದ್ದ ಹೊತ್ತು ತಾನಾಗಿ ಕಾಣುತ್ತದೆ. ಒಂದು ಮಾತು: ಚೀಟಿ ನೋಡಿ ಯಾರನ್ನೂ ಬೈಯಬೇಡ. ಬೈದರೆ ಎರಡನೇ ದಿನದಿಂದ ಸುಳ್ಳು ಹೊತ್ತು ಬರೆಯುತ್ತಾರೆ.

ಚೀಟಿ ಬರೋ ಮೊದಲೇ ಒಂದು ಲೆಕ್ಕ ಹೇಳುತ್ತೇನೆ. ಮುಗಿಯದೆ ಒಳಗೆ 45 ಆರ್ಡರ್ ಇದೆ ಅಂತ ನೀನೇ ಅಂದೆ. ದಿನಕ್ಕೆ ಸುಮಾರು 9 ಮುಗಿಯುತ್ತದೆ ಅಂದೆ. ಹಾಗಾದರೆ ಒಂದು ಆರ್ಡರ್ ಸರಾಸರಿ ಐದು ದಿನ ನಿನ್ನಲ್ಲಿ ಇರುತ್ತದೆ, 45ನ್ನು 9ರಿಂದ ಭಾಗಿಸಿದರೆ ಆಯಿತು. ನೋಡಲು ಮಕ್ಕಳ ಲೆಕ್ಕ. ಆದರೂ ಅಮೆರಿಕದ ಜಾನ್ ಲಿಟಲ್ ಎಂಬುವರು 1961ರಲ್ಲಿ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು, ಕಾರ್ಖಾನೆಗಳಲ್ಲಿ ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ನೀನು ಗಿರಾಕಿಗಳಿಗೆ ಹೇಳುತ್ತಿರುವುದು ಮೂರು ದಿನ, ಅಲ್ವಾ? ಮತ್ತೆ "ಎಲ್ಲಿಗೆ ಬಂತು" ಅಂತ ಫೋನ್ ಬರದೆ ಇನ್ನೇನಾಗುತ್ತದೆ. ಅರ್ಧ ದಿನ ಆ ಫೋನಿಗೆ ಉತ್ತರ ಕೊಡೋದರಲ್ಲೇ ಕಳೆಯುತ್ತೀಯ. ಇವತ್ತಿನಿಂದ ಐದು ದಿನ, ಬೇಕಾದರೆ ಆರು ಅಂತ ಹೇಳು. ಮೂರು ದಿನವೇ ಆಗಬೇಕು ಅಂದರೆ ದಿನಕ್ಕೆ 15 ಮುಗಿಸಬೇಕು, ಇಲ್ಲ ಒಳಗೆ 27ಕ್ಕಿಂತ ಜಾಸ್ತಿ ಇರಬಾರದು. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿ ಎಲ್ಲವನ್ನೂ ಅರ್ಧಕ್ಕೆ ಬಿಡೋದು ನಿನಗೆ ಚಿಕ್ಕಂದಿನ ಅಭ್ಯಾಸ. ಆರ್ಡರ್ ತಗೋ, ಆದರೆ ಬಟ್ಟೆ ಕತ್ತರಿಸಬೇಡ. ಒಂದು ಹೊರಗೆ ಹೋದ ಮೇಲೆ ಇನ್ನೊಂದಕ್ಕೆ ಕತ್ತರಿ ಹಾಕು.

ಇನ್ನು ಬರೆಯೋ ವಿಷಯ. ಒಂದು ಆರ್ಡರ್ ನಿನ್ನಲ್ಲಿ ವಾಟ್ಸಾಪಿನಲ್ಲಿದೆ, ನೋಟ್‌ಬುಕ್ಕಿನಲ್ಲಿದೆ, ಬಿಲ್ಲಿನಲ್ಲಿದೆ, ಮಿಕ್ಕಿದ್ದು ನಿನ್ನ ತಲೆಯಲ್ಲಿದೆ. ನಮ್ಮಲ್ಲೂ ಹೀಗೇ ಇತ್ತು. ಒಬ್ಬರು ವಿಳಾಸ ಬದಲಾಗಿದೆ ಅಂತ ಫೋನ್ ಮಾಡಿದರು. ನಾನು ಡೈರಿಯಲ್ಲಿ ಬರೆದುಕೊಂಡೆ, ಆರ್ಡರಿನ ವಿವರ ಬರೆದಿಡೋ ಜಾಬ್ ಕಾರ್ಡಿನಲ್ಲಿ ತಿದ್ದಲಿಲ್ಲ. ಹಳೇ ವಿಳಾಸದಲ್ಲೇ 5,000 ಕವರ್ ಅಚ್ಚಾಯಿತು. ಪೂರ್ತಿ ರದ್ದಿಗೆ ಹೋಯಿತು. ಆಮೇಲೆ ಒಂದೇ ಕಟ್ಟಳೆ ಇಟ್ಟೆ: ಕಾರ್ಡಿನಲ್ಲಿ ಇಲ್ಲದ್ದು ಆರ್ಡರಿನಲ್ಲಿ ಇಲ್ಲ. ಗಿರಾಕಿ ಹೇಗೇ ಹೇಳಲಿ, ಯಾರಿಗೇ ಹೇಳಲಿ, ಮೊದಲು ಕಾರ್ಡಿಗೆ ಬರಬೇಕು. ನೀನು ಕಾಗದದಲ್ಲಿ ಬರೆ, ಫೋನಿನ ಶೀಟಿನಲ್ಲಿ ಬರೆ, ನನಗೆ ಎರಡೂ ಒಂದೇ. ಜಾಗ ಮಾತ್ರ ಒಂದಿರಲಿ.

ಝಿಪ್ ಮುಗಿದುಹೋಯಿತು ಅಂತ ಮಧ್ಯಾಹ್ನ ಕೆಲಸ ನಿಂತ ಕಥೆ ಹೇಳಿದೆಯಲ್ಲ, ಅದಕ್ಕೆ ಎರಡು ಡಬ್ಬಿ ಸಾಕು. ಮೊದಲನೆಯದು ಖಾಲಿಯಾದಾಗ ಎರಡನೆಯದನ್ನು ತೆಗೆಯಿರಿ, ಆಗಲೇ ಹೊಸದಕ್ಕೆ ಹೇಳಿಬಿಡಿ. ಎರಡನೇ ಡಬ್ಬಿಯಲ್ಲಿ ಎಷ್ಟಿರಬೇಕು? ದಿನಕ್ಕೆ 40 ಝಿಪ್ ಬೇಕು, ಹೇಳಿದ ಆರು ದಿನಕ್ಕೆ ಮಾಲು ಬರುತ್ತದೆ ಅಂತಿಟ್ಟುಕೋ, 240 ಆಯಿತು. ತಡವಾದರೆ ಅಂತ ಇನ್ನೆರಡು ದಿನದ್ದು ಸೇರಿಸು, 320. ಡಬ್ಬಿಯ ತಳದಲ್ಲಿ "ತರಿಸಿ" ಅಂತ ಒಂದು ಕಾರ್ಡ್ ಇಡು. ಖಾಲಿ ಮಾಡಿದವರು ಆ ಕಾರ್ಡನ್ನು ಗೋಡೆಯ ಮೊಳೆಗೆ ಸಿಕ್ಕಿಸಲಿ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ಕಟ್ಟಿದ ಕಾನ್‌ಬಾನ್ ಪದ್ಧತಿಯ ಜೀವಾಳ ಇಂಥದೇ ಕಾರ್ಡು. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಕಪಾಟಿನಿಂದ ಹೋದಷ್ಟನ್ನೇ ಮತ್ತೆ ತುಂಬುವ ರೀತಿ ಅವರಿಗೆ ಅದರ ದಾರಿ ತೋರಿಸಿತಂತೆ. ದಾರ, ಬಕಲ್, ಲೇಬಲ್ ಎಲ್ಲಕ್ಕೂ ಹೀಗೇ ಮಾಡು.

ಈಗ ನನಗೆ ಬೇಸರವಾದ ಸಂಗತಿ. ಬಕಲ್ ಹಾಕದೆ ಚೀಲ ಕಟ್ಟಿಬಿಟ್ಟಳು ಅಂತ ನಿನ್ನೆ ನೀನು ಒಬ್ಬ ಕೆಲಸದ ಹುಡುಗಿಗೆ "ತಲೆ ಎಲ್ಲಿಟ್ಟಿರುತ್ತೀಯ" ಅಂದೆ. ನನಗೆ ಕೇಳಿಸಿತು. ಅವಳಿಗೂ ಕೇಳಿಸಿತು, ಪಕ್ಕದವರಿಗೂ ಕೇಳಿಸಿತು.

ಶಿಗಿಯೊ ಶಿಂಗೊ ಅಂತ ಜಪಾನಿನ ಒಬ್ಬ ಎಂಜಿನಿಯರ್ ಇದ್ದರು. 1960ರ ದಶಕದ ಆರಂಭದಲ್ಲಿ ಒಂದು ಕಾರ್ಖಾನೆಯಲ್ಲಿ ಸ್ವಿಚ್ಚಿಗೆ ಎರಡು ಸ್ಪ್ರಿಂಗ್ ಹಾಕಬೇಕಿತ್ತು, ಆಗಾಗ ಒಂದು ಮರೆತುಹೋಗುತ್ತಿತ್ತು. ಎಚ್ಚರಿಕೆಯಿಂದ ಮಾಡಿ ಅಂತ ಎಷ್ಟು ಹೇಳಿದರೂ ಅಷ್ಟೇ. ಇವರು ಮಾಡಿದ್ದಿಷ್ಟು: ಮೊದಲು ಎರಡೂ ಸ್ಪ್ರಿಂಗನ್ನು ಒಂದು ಪುಟ್ಟ ತಟ್ಟೆಗೆ ತೆಗೆದಿಟ್ಟುಕೊಳ್ಳಿ, ಆಮೇಲೆ ಜೋಡಿಸಿ ಅಂದರು. ತಟ್ಟೆಯಲ್ಲಿ ಉಳಿದಿದ್ದರೆ ಸ್ವಿಚ್ಚಿನಲ್ಲಿ ಇಲ್ಲ ಅಂತ ಅಲ್ಲೇ ಗೊತ್ತಾಯಿತು. ಇಂಥ ಉಪಾಯಗಳಿಗೆ ಮೊದಲು ಬಾಕಾ-ಯೋಕೆ ಅನ್ನುತ್ತಿದ್ದರು, ಅಂದರೆ ದಡ್ಡರ ತಪ್ಪು ತಡೆಯೋದು. ಹಾಗಾದರೆ ನಾನು ದಡ್ಡಿಯಾ ಅಂತ ಕೆಲಸದ ಹೆಣ್ಣುಮಗಳೊಬ್ಬಳು ಅತ್ತುಬಿಟ್ಟಳು. ಶಿಂಗೊ ಹೆಸರನ್ನೇ ಬದಲಾಯಿಸಿ ಪೋಕಾ-ಯೋಕೆ ಅಂದರು, ಕಣ್ತಪ್ಪು ತಡೆಯೋದು ಅಂತ. ಉಪಾಯಕ್ಕಿಂತ ನನಗೆ ಇದೇ ಜಾಸ್ತಿ ಇಷ್ಟ.

ನೀನೂ ಒಂದೊಂದು ಚೀಲಕ್ಕೆ ಬೇಕಾದ ಝಿಪ್, ಬಕಲ್, ಲೇಬಲ್, ಪಟ್ಟಿಯನ್ನು ಒಂದು ಟ್ರೇನಲ್ಲಿ ಇಟ್ಟು ಕೊಡು. ಟ್ರೇ ಖಾಲಿಯಾದರೆ ಮಾತ್ರ ಚೀಲ ಮುಂದಕ್ಕೆ. ಆ ಹುಡುಗಿಯ ಹತ್ತಿರ ಎರಡು ಒಳ್ಳೇ ಮಾತಾಡು, ಅದನ್ನು ನಾನು ಹೇಳಿಕೊಡಬೇಕಾ.

ಬಿಲ್ಲನ್ನು ಮಾಲಿನ ಜೊತೆಗೇ ಕಳಿಸು. ವಾರದ ಕೊನೆಗೆ ಒಟ್ಟಿಗೆ ಮಾಡುತ್ತೇನೆ ಅಂದರೆ ದುಡ್ಡೂ ಅಷ್ಟು ದಿನ ತಡವಾಗುತ್ತದೆ. ಇದರ ಬಗ್ಗೆ ಇನ್ನೇನೂ ಹೇಳೋದಿಲ್ಲ.

ಕೊನೆಯದು ಕಷ್ಟದ್ದು. ನನ್ನ ಮೇಜಿನ ಮೇಲೆ ಪ್ರೂಫ್ ಎರಡು ದಿನ ಕಾದ ಹಾಗೆ ನಿನ್ನಲ್ಲಿ ಜನರೇ ಕಾಯುತ್ತಿದ್ದಾರೆ. ನಿನ್ನೆ ಕೇಳಿದ ಆರು ಪ್ರಶ್ನೆಯಲ್ಲಿ ನೀನೇ ಉತ್ತರಿಸಬೇಕಾದ್ದು ಒಂದೋ ಎರಡೋ. ವಾರವಿಡೀ ಬಂದ ಪ್ರಶ್ನೆಗಳನ್ನು ಬರೆದಿಡು. ಮತ್ತೆ ಮತ್ತೆ ಬರುವುದಕ್ಕೆ ಒಂದೇ ಸಲ ಉತ್ತರ ಬರೆದು ಗೋಡೆಗೆ ಅಂಟಿಸು: ನೀಲಿ ಬಟ್ಟೆಗೆ ಈ ದಾರ, ಹೊಲಿಗೆ ಬಿಟ್ಟ ಚೀಲ ವಾಪಸ್ ಬಂದರೆ ಎರಡು ಚೀಲದವರೆಗೆ ನನ್ನನ್ನು ಕೇಳದೆ ಬದಲಿ ಕೊಡಿ, ಹೀಗೆ. ಮೊದಮೊದಲು ಒಂದೆರಡು ಸಲ ಅವರು ತಪ್ಪು ಮಾಡುತ್ತಾರೆ, ನಿನಗೆ ಕೈ ತುರಿಸುತ್ತದೆ. ನಾನು ಆಗ ಬೇಕಂತಲೇ ಹೊರಗೆ ಹೋಗಿ ಕೂರುತ್ತಿದ್ದೆ. ಪ್ರೂಫ್ ನೋಡೋ ಕೆಲಸವನ್ನು ಅಕ್ಷರ ಜೋಡಿಸುವ ಹಿರಿಯ ಕಂಪೋಸಿಟರಿಗೆ ಬಿಟ್ಟುಕೊಟ್ಟ ಮೇಲೆ ಅವರು ಹಿಡಿದಷ್ಟು ತಪ್ಪು ನಾನು ಯಾವತ್ತೂ ಹಿಡಿದಿರಲಿಲ್ಲ. ಸ್ವಲ್ಪ ಹೊಟ್ಟೆ ಉರಿಯಿತು ಅಂತಲೂ ಹೇಳಿಬಿಡುತ್ತೇನೆ.

ಹತ್ತು ಚೀಟಿ ತುಂಬಿದ ಮೇಲೆ ಫೋನ್ ಮಾಡು. ಫೋಟೋ ಕಳಿಸಬೇಡ, ಸಣ್ಣ ಅಕ್ಷರ ನನಗೆ ಕಾಣೋದಿಲ್ಲ, ಓದಿ ಹೇಳು. ಸಾಫ್ಟ್‌ವೇರಿನ ಮಾತು ಆವತ್ತು ಆಡೋಣ. ಓದುವಾಗ ಎಷ್ಟು ಸಲ "ಒಂದು ನಿಮಿಷ ದೊಡ್ಡಮ್ಮಾ" ಅನ್ನುತ್ತೀಯ, ನಾನು ಎಣಿಸುತ್ತಿರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ