ದೊಡ್ಡ ಕರುಳಿಲ್ಲದವರ ಬೇಸಿಗೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಬೇಸಿಗೆ ಪುರವಣಿಯಲ್ಲಿ ಬಂದ ಆರೋಗ್ಯ ಸಲಹೆಗಳ ಪುಟವನ್ನು ನಮ್ಮ ವೈನಿ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಬಾಯಾರಲಿ ಬಾಯಾರದಿರಲಿ ನೀರು ಕುಡಿಯುತ್ತಿರಿ, ಎಳನೀರು, ಕಬ್ಬಿನ ಹಾಲು, ಕಲ್ಲಂಗಡಿ ಧಾರಾಳವಾಗಿ ಸೇವಿಸಿ, ಹಸಿ ತರಕಾರಿ ಮತ್ತು ನಾರಿನಂಶವಿರುವ ಜೋಳದ ರೊಟ್ಟಿ ತಿನ್ನಿ ಎಂದು ಅದರಲ್ಲಿದೆ. ಕಲಬುರಗಿಯ ಬಿಸಿಲಿಗೆ ಒಳ್ಳೆಯ ಮಾತುಗಳೇ. ಆದರೆ ಅವುಗಳಲ್ಲಿ ಹೆಚ್ಚಿನವನ್ನು ನನ್ನ ಶಸ್ತ್ರವೈದ್ಯರು ಸದ್ಯಕ್ಕೆ ಬೇಡ, ಇಲ್ಲವೇ ಮಿತಿಯಲ್ಲಿರಲಿ ಎಂದಿದ್ದಾರೆ. ಮನೆಯವರು ನಂಬುವುದು ಅಚ್ಚಾದ ಅಕ್ಷರವನ್ನು. ಹಾಗಾಗಿ ಅಚ್ಚಿನಲ್ಲಿಯೇ ಉತ್ತರ ಬರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಇಲ್ಲಿನ ತೊಗರಿ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆಯಿಂದ ದೊಡ್ಡ ಕರುಳಿನ ಒಳಪದರವೆಲ್ಲ ಹುಣ್ಣಾಗಿ, ವರ್ಷಗಟ್ಟಲೆ ಔಷಧಿ ನುಂಗಿದರೂ ರಕ್ತ ಹೋಗುವುದು ನಿಲ್ಲಲಿಲ್ಲ. ಕೊನೆಗೆ ಹೈದರಾಬಾದಿನಲ್ಲಿ ದೊಡ್ಡ ಕರುಳನ್ನೂ ಗುದನಾಳವನ್ನೂ ತೆಗೆದು, ಸಣ್ಣ ಕರುಳಿನ ತುದಿಯನ್ನು ಮಡಿಸಿ ಹೊಲಿದು, ಒಳಗೇ ಒಂದು ಚೀಲ ಮಾಡಿ ಗುದದ್ವಾರಕ್ಕೆ ಜೋಡಿಸಿದರು. ಇದಕ್ಕೆ ಜೆ-ಪೌಚ್ ಎನ್ನುತ್ತಾರೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೋಲ್ಸ್ 1978ರಲ್ಲಿ ಇಂಥ ಚೀಲದ ಬಗ್ಗೆ ಮೊದಲು ಬರೆದರು. ಜೆ ಆಕಾರದ್ದನ್ನು 1980ರಲ್ಲಿ ಜಪಾನಿನ ಉತ್ಸುನೊಮಿಯಾ ತಂದರು. ಅಂದರೆ ಚಿಕಿತ್ಸೆ ಹೊಸದೇನಲ್ಲ, ನಮ್ಮ ಓಣಿಗೆ ಹೊಸದು ಅಷ್ಟೆ. ಒಳಗಿನ ಹೊಲಿಗೆ ಮಾಯುವವರೆಗೆ ಮಲ ಹೊರಬರಲು ಹೊಟ್ಟೆಯ ಮೇಲೆ ತಾತ್ಕಾಲಿಕ ದ್ವಾರ ಮಾಡಿ, ಎರಡು ಮೂರು ತಿಂಗಳ ನಂತರ ಅದನ್ನು ಮುಚ್ಚುವುದು ರೂಢಿ. ನನ್ನದನ್ನು ಮುಚ್ಚಿದ್ದು ಶಿವರಾತ್ರಿಯ ಆಸುಪಾಸಿನಲ್ಲಿ. ಬಂದವರೆಲ್ಲ "ಇನ್ನೇನು, ಎಲ್ಲ ಮುಗಿಯಿತಲ್ಲ" ಎಂದು ಚಹಾ ಕುಡಿದು ಹೋದರು. ನಿಜವಾದ ಪಾಡು ಶುರುವಾಗಿದ್ದು ಆಮೇಲೆ, ಅದೂ ಬಿಸಿಲಿನ ಜೊತೆಗೆ.

ಮೊದಲು ನೀರಿನ ಮಾತು. ದೊಡ್ಡ ಕರುಳು ದಿನಕ್ಕೆ ಹೆಚ್ಚುಕಡಿಮೆ ಒಂದರಿಂದ ಒಂದೂವರೆ ಲೀಟರ್ ನೀರನ್ನು ಹೀರಿ ದೇಹಕ್ಕೆ ಮರಳಿಸುತ್ತದೆ, ಅದರ ಜೊತೆಗೆ ಉಪ್ಪನ್ನೂ. ಅದು ಇಲ್ಲದವರಲ್ಲಿ ಸಣ್ಣ ಕರುಳು ಆ ಕೆಲಸವನ್ನು ಸ್ವಲ್ಪ ಸ್ವಲ್ಪವೇ ಕಲಿಯಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಚೊಂಬುಗಟ್ಟಲೆ ಬರೀ ನೀರು ಕುಡಿದರೆ ಅದು ಎರೆ ಹೊಲದ ಬಿರುಕಿಗೆ ಸುರಿದಂತೆ ನಿಲ್ಲದೆ ಇಳಿದುಹೋಗುತ್ತದೆ, ಹೋಗುವಾಗ ಮೈಯಲ್ಲಿದ್ದ ಉಪ್ಪನ್ನೂ ಒಯ್ಯುತ್ತದೆ. ಕುಡಿದಷ್ಟೂ ಮೀನಖಂಡ ಹಿಡಿದುಕೊಳ್ಳುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಮೂತ್ರ ಕಡು ಹಳದಿಯಾಗುವುದು ಇದರಿಂದಲೇ. ಕರುಳು ಉಪ್ಪು ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಓಆರ್‌ಎಸ್ ಪುಡಿಯ ಗುಟ್ಟು ಇಷ್ಟೇ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಸಮತಟ್ಟು ಚಮಚ ಉಪ್ಪು. ಚಮಚ ತುಂಬಿ ತುಳುಕಬಾರದು, ರುಚಿಗೆಂದು ಸಕ್ಕರೆ ಹೆಚ್ಚಿಸಬಾರದು. ಸಿಹಿ ಹೆಚ್ಚಾದರೆ ಕರುಳು ನೀರನ್ನು ಹೊರಗೇ ಎಳೆಯುತ್ತದೆ. ಕಬ್ಬಿನ ಹಾಲು ನಮಗೆ ಬೇಡವೆನ್ನುವುದು ಅದಕ್ಕೇ. ಎಳನೀರಿನಲ್ಲಿ ಪೊಟ್ಯಾಶಿಯಂ ಸಾಕಷ್ಟಿದೆ, ನಮಗೆ ಬೇಕಾದ ಸೋಡಿಯಂ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು, ಆದರೆ ಗುಟುಕು ಗುಟುಕಾಗಿ. ಬಿಪಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಉಪ್ಪಿಗೆ ಕೈ ಹಾಕಬಾರದು.

ಊಟದ್ದು ಮನೆಯೊಳಗಿನ ಜಗಳ. ಅವ್ವನಿಗೆ ರೊಟ್ಟಿ ತಿನ್ನದ ಮಗ ಬದುಕುತ್ತಾನೆ ಎಂಬ ನಂಬಿಕೆಯೇ ಇಲ್ಲ. "ಮೆತ್ತಗಿನ ಅನ್ನ ತಿಂದರೆ ಮೈಗೆ ಏನು ಹತ್ತುತ್ತದೆ?" ಎಂದು ಪ್ರತಿ ಊಟಕ್ಕೂ ಕೇಳುತ್ತಾರೆ. ಆದರೆ ಹೊಸ ಚೀಲಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ನಾರು ನಾರಾದ ಪುಂಡಿ ಪಲ್ಯ, ಹಸಿ ಈರುಳ್ಳಿ ಇವೆಲ್ಲ ಮೊದಲ ವಾರಗಳಲ್ಲಿ ಭಾರ. ಕೆಂಪು ಖಾರವಂತೂ ಬಾಯಿಯಲ್ಲಿ ಒಮ್ಮೆ, ಹೊರಗೆ ಹೋಗುವಾಗ ಇನ್ನೊಮ್ಮೆ ಉರಿಸುತ್ತದೆ. ಮೆತ್ತಗೆ ಬೆಂದ ಅನ್ನ, ಮೊಸರು, ಬೇಯಿಸಿ ಹಿಸುಕಿದ ಆಲೂಗಡ್ಡೆ, ಬಾಳೆಹಣ್ಣು, ಸಾಬೂದಾನಿ ಗಂಜಿ ಮಲವನ್ನು ಗಟ್ಟಿ ಮಾಡುತ್ತವೆ. ನಮ್ಮ ಊರಿನ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ನಾನು ಅದರ ಲೆಕ್ಕ ಬರೆಯುತ್ತೇನೆ, ಉಣ್ಣುವುದು ಮಾತ್ರ ಸದ್ಯಕ್ಕೆ ತೆಳು ಕಟ್ಟು. ರೊಟ್ಟಿ ಶಾಶ್ವತವಾಗಿ ಬಿಡಬೇಕಿಲ್ಲ. ಒಂದೊಂದೇ ಪದಾರ್ಥವನ್ನು ಸ್ವಲ್ಪ ಸ್ವಲ್ಪ ನೋಡಿ ಹೆಚ್ಚಿಸಬೇಕು, ನುಣ್ಣಗೆ ಅಗಿಯಬೇಕು. ವೈದ್ಯರು ಬರೆದುಕೊಟ್ಟವರಿಗೆ ಕರುಳಿನ ಓಟ ತಗ್ಗಿಸುವ ಲೋಪೆರಮೈಡ್ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ. ಊಟವಾದ ಮೇಲೆ ನುಂಗಿದರೆ ಅರ್ಧ ಗುಣ ಹೋಯಿತು.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮದುವೆ ಮಂಟಪದಲ್ಲಿ ನಿಂತು ಕಥೆ ಹೇಳುತ್ತಾರೆ. ಸಂಡಾಸಿನ ಮಾತನ್ನು ನಾವು ಎಲ್ಲಿ ಹೇಳೋಣ? ದ್ವಾರ ಮುಚ್ಚಿದ ಹೊಸತರಲ್ಲಿ ಹಗಲು ರಾತ್ರಿ ಸೇರಿ ಹತ್ತು ಹದಿನೈದು ಸಲ ಹೋಗಬೇಕಾಗುವುದು ಸಾಮಾನ್ಯ. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಿಗೆ ಅದು ಆರರ ಆಸುಪಾಸಿಗೆ ಇಳಿಯುತ್ತದೆ. ಹೊರಬರುವುದರಲ್ಲಿ ಪಿತ್ತರಸವೂ ಜೀರ್ಣರಸವೂ ಹಾಗೇ ಇರುವುದರಿಂದ ಗುದದ ಸುತ್ತಲಿನ ಚರ್ಮ ಸುಟ್ಟಂತಾಗುತ್ತದೆ. ತೊಳೆದು, ಒರೆಸದೆ ಹಳೆಯ ಧೋತರದ ತುಂಡಿನಿಂದ ಒತ್ತಿ ಆರಿಸಿ, ಉರಿ ಶುರುವಾಗುವ ಮುಂಚೆಯೇ ಝಿಂಕ್ ಆಕ್ಸೈಡ್ ಮುಲಾಮನ್ನು ದಪ್ಪಗೆ ಹಚ್ಚಬೇಕು. ತೊಳೆಯುವ ರೂಢಿ ನಮ್ಮದು, ಅದು ಪುಣ್ಯ. ಆದರೆ ಏಪ್ರಿಲ್ ಮಧ್ಯಾಹ್ನ ತಾರಸಿಯ ಪ್ಲಾಸ್ಟಿಕ್ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರನ್ನು ಕಲಬುರಗಿಯವರು ಬಲ್ಲರು. ಗಾಯದಂತಾದ ಚರ್ಮಕ್ಕೆ ಆ ನೀರು ತಾಕಿದಾಗ ನಾನು ಹಲ್ಲು ಕಚ್ಚಿ ಗೋಡೆ ಹಿಡಿದು ನಿಂತಿದ್ದೇನೆ. ಈಗ ನನ್ನ ಹೆಂಡತಿ ನಸುಕಿನಲ್ಲಿಯೇ ಎರಡು ಬಕೆಟ್ ತುಂಬಿ, ಮೇಲೆ ಹಲಗೆ ಮುಚ್ಚಿ, ಶೌಚಾಲಯದ ಮೂಲೆಯಲ್ಲಿ ಇಡುತ್ತಾಳೆ. ಆ ಬಕೆಟ್ಟಿಗೆ ಮನೆಯಲ್ಲಿ ಬೇರೆ ಯಾರೂ ಕೈ ಹಾಕುವಂತಿಲ್ಲ, ಅಣ್ಣನ ಮಕ್ಕಳಿಗೂ ಇದು ಗೊತ್ತು.

ರಾತ್ರಿ ನಿದ್ದೆಯಲ್ಲಿ ಸೋರುವುದೂ ಉಂಟು. ಊಟವನ್ನು ಸಂಜೆಯೇ ಮುಗಿಸಿದರೆ, ಪ್ಯಾಡ್ ಇಟ್ಟುಕೊಂಡು ಮಲಗಿದರೆ ಅಷ್ಟರಮಟ್ಟಿಗೆ ನೆಮ್ಮದಿ. ಗುದದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ವೈದ್ಯರು ಹೇಳಿಕೊಟ್ಟಿದ್ದಾರೆ. ಗಾಡಿಯ ಲೆಕ್ಕ ಬರೆಯುತ್ತಾ ಕುಳಿತಲ್ಲಿಯೇ ಮಾಡುತ್ತೇನೆ, ಹಮಾಲರಿಗೆ ಗೊತ್ತಾಗುವುದಿಲ್ಲ.

ಕೆಲಸಕ್ಕೆ ಮರಳಲು ಸಾಧ್ಯವಾದದ್ದು ಸಾಹುಕಾರರ ಒಂದು ಕೀಲಿಯಿಂದ. ಮಿಲ್ಲಿನ ಶೌಚಾಲಯ ಗೋದಾಮಿನ ಹಿಂದೆ, ತೂಕದ ಕಾಟಾ ದಾಟಿ ಹೋಗಬೇಕು, ನಡುವೆ ಲಾರಿಗಳು. ವಿಷಯ ಹೇಳಿದಾಗ ಅವರು ಹೆಚ್ಚು ಕೇಳದೆ, ತಮ್ಮ ಕೋಣೆಗೆ ಹೊಂದಿದ ಶೌಚಾಲಯದ ಇನ್ನೊಂದು ಕೀಲಿ ಕೊಟ್ಟರು. ಶರಣಬಸವೇಶ್ವರರ ಜಾತ್ರೆಗೆ ಮಾತ್ರ ಈ ವರ್ಷ ಹೋಗಲಿಲ್ಲ. ಅಷ್ಟು ಜನರ ನಡುವೆ ಅವಸರಕ್ಕೆ ದಾರಿ ಯಾರು ಬಿಡುತ್ತಾರೆ? ತಪಾಸಣೆಗೆ ಹೈದರಾಬಾದಿಗೆ ಹೋಗುವಾಗ ಬಸ್ಸು ಬಿಟ್ಟು ವಾಡಿ, ತಾಂಡೂರು ಮೇಲೆ ಹೋಗುವ ರೈಲು ಹಿಡಿಯುತ್ತೇನೆ. ಬೋಗಿಯಲ್ಲಿ ಶೌಚಾಲಯವಿದೆ ಎಂಬ ಧೈರ್ಯಕ್ಕೇ ಹೊಟ್ಟೆ ಅರ್ಧ ಸುಮ್ಮನಿರುತ್ತದೆ.

ನನ್ನ ವಿನಂತಿ ಇಷ್ಟು. ಮುಂದಿನ ಪುರವಣಿಯಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯಾದವರಿಗೆ ಬೇಸಿಗೆಯ ಸಲಹೆಗಳನ್ನು ಗ್ಯಾಸ್ಟ್ರೋ ಸರ್ಜನ್ ಒಬ್ಬರಿಂದ ಕನ್ನಡದಲ್ಲಿ ಬರೆಸಿ, ಅರ್ಧ ಪುಟ ಸಾಕು. ಅದರಲ್ಲಿ ಅಪಾಯದ ಲಕ್ಷಣಗಳನ್ನೂ ಸೇರಿಸಲಿ: ಜ್ವರ ಬಂದು ಹೊಟ್ಟೆ ನುಲಿದು, ಇಳಿದಿದ್ದ ಶೌಚದ ಸಂಖ್ಯೆ ದಿಢೀರನೆ ಏರಿದರೆ ಅದು ಚೀಲದ ಉರಿಯೂತವಿರಬಹುದು, ಆ್ಯಂಟಿಬಯೋಟಿಕ್ ಬೇಕಾಗುತ್ತದೆ, ಹೊಟ್ಟೆ ಉಬ್ಬಿ, ವಾಂತಿಯಾಗಿ, ಏನೂ ಹೋಗದೆ ನಿಂತರೆ ಕರುಳು ಕಟ್ಟಿರಬಹುದು, ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ಬೀದರ್, ಯಾದಗಿರಿ ಆವೃತ್ತಿಗಳಲ್ಲಿಯೂ ಅದು ಬರಲಿ. ವೈನಿಗೆ ಅಂಟು ಟೇಪ್ ನಾನೇ ತಂದುಕೊಡುತ್ತೇನೆ.

ತಮ್ಮ ವಿಶ್ವಾಸಿ,
ಬೇಳೆ ಮಿಲ್ಲಿನ ಲೆಕ್ಕಿಗ, ಕಲಬುರಗಿ
(ಹೆಸರು ಪ್ರಕಟಿಸಬಾರದಾಗಿ ವಿನಂತಿ)