ಹಿಂಜರಿಕೆಗೆ ಅಜ್ಞಾನ ಕಾರಣವಲ್ಲ

ಮಾನ್ಯರೇ,

ಭತ್ತ ಬೆಳೆಯುವ ‘ಶ್ರೀ’ (ಎಸ್‌ಆರ್‌ಐ – ಸಿಸ್ಟಮ್ ಆಫ್ ರೈಸ್ ಇಂಟೆನ್ಸಿಫಿಕೇಶನ್) ಪದ್ಧತಿಯನ್ನು ರೈತರು ಅಳವಡಿಸಿಕೊಳ್ಳದಿರುವುದಕ್ಕೆ ಅವರ ಅಜ್ಞಾನವೇ ಕಾರಣವೆನ್ನುವುದು ಸರಿಯಲ್ಲ. 1980ರ ದಶಕದಲ್ಲಿ ಮಡಗಾಸ್ಕರ್‌ನಲ್ಲಿ ರೂಪುಗೊಂಡ ಈ ಪದ್ಧತಿಯಿಂದ ಬಿತ್ತನೆ ಬೀಜ, ನೀರು ಎರಡೂ ಉಳಿಯುತ್ತವೆ, ನಿಜ. ಆದರೆ 8ರಿಂದ 12 ದಿನಗಳ ಎಳೆಯ ಸಸಿಗಳನ್ನು ಬೇರಿಗೆ ಪೆಟ್ಟಾಗದಂತೆ ಎತ್ತಿ, 25 ಸೆಂ.ಮೀ. ಅಂತರದಲ್ಲಿ ಒಂದೊಂದನ್ನೇ ನೆಡಬೇಕು; ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಆಗಾಗ ಆರಲು ಬಿಡಬೇಕು. ಬಲಿತ ಪೈರನ್ನು ನಾಲ್ಕೈದು ಸೇರಿಸಿ ನೆಟ್ಟು ಕೈ ಪಳಗಿದ, ಎಕರೆ ಲೆಕ್ಕದಲ್ಲಿ ಕೂಲಿ ಪಡೆಯುವ ನಾಟಿ ಹೆಣ್ಣಾಳುಗಳಿಗೆ ಈ ನಿಧಾನದ ಕೆಲಸವೆಂದರೆ ಆ ದಿನದ ಸಂಪಾದನೆಯೇ ಕಡಿಮೆಯಾದಂತೆ. ಇತ್ತ ಗದ್ದೆಯ ಮಾಲೀಕನಿಗೆ ಮೊದಲ ಕೆಲವು ವಾರ ಗದ್ದೆ ಬೋಳಾಗಿ ಕಾಣುತ್ತದೆ, ಸಾಲ ಮಾಡಿದವನಿಗೆ ಆ ನೋಟವೇ ಭಯ ಹುಟ್ಟಿಸುತ್ತದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನಾಲೆ ನೀರು ಪಡೆಯುವ ಕೊನೆಯ ಭಾಗದ ರೈತ, ಮುಂದಿನ ಸರದಿಗೆ ನೀರು ಬರುವ ಖಾತ್ರಿಯಿಲ್ಲದೆ ಗದ್ದೆಯನ್ನು ಆರಲು ಬಿಡುವ ಧೈರ್ಯ ಹೇಗೆ ಮಾಡಿಯಾನು?

ಆದ್ದರಿಂದ ಕೃಷಿ ಇಲಾಖೆಯು ರೈತ ಸಂಪರ್ಕ ಕೇಂದ್ರಗಳ ಮೂಲಕ ಮೊದಲು ನಾಟಿ ಮಾಡುವ ಮಹಿಳೆಯರಿಗೇ ಗದ್ದೆಯಲ್ಲಿ ತರಬೇತಿ ಕೊಟ್ಟು, ಆ ದಿನಗಳ ಕೂಲಿಯನ್ನೂ ನೀಡಲಿ. ಮೊದಲ ಬೆಳೆಯಲ್ಲಿ ಇಳುವರಿ ಕುಸಿದರೆ ನಷ್ಟದ ಒಂದು ಪಾಲನ್ನು ಭರಿಸುವ ಭರವಸೆಯನ್ನೂ ಕೊಡಲಿ.

– ಭತ್ತದ ಬೆಳೆಗಾರ, ಮಂಡ್ಯ ಜಿಲ್ಲೆ