ಅರಮನೆಯಲ್ಲಿ ಏಕಾಂತವೆಲ್ಲಿತ್ತು?

ಪ್ರೀತಿಯ ತಂಗೀ,

ನಿನ್ನ ಹೊಯ್ಸಳ ಕಾದಂಬರಿಯ ಹಸ್ತಪ್ರತಿ ಪೂರ್ತಿ ಓದಿದೆ. ಹರಿದುಹಾಕುವ ಮಾತು ಬೇಡ. ಕಾಗುಣಿತ, ಅಧ್ಯಾಯದ ಉದ್ದ, ಪ್ರಕಾಶಕರು ಇವೆಲ್ಲ ಆಮೇಲಾಗಲಿ. ನನ್ನ ತಕರಾರು ಒಂದೇ: ನಿನ್ನ ದೋರಸಮುದ್ರದ (ಇಂದಿನ ಹಳೇಬೀಡು) ಅರಮನೆಯಲ್ಲಿ ಬೇಕೆಂದವರಿಗೆಲ್ಲ ಬೇಕೆಂದಾಗ ಏಕಾಂತ ಸಿಗುತ್ತದೆ.

ವಿಷ್ಣುವರ್ಧನ ಶಾಂತಲೆಯ ಕೈಹಿಡಿದು ಕಣ್ಣೀರಿಡುವಾಗ ಹಡಪದವನು ಎಲ್ಲಿ ಹೋದ? ವೀಳ್ಯದ ಸಂಚಿ ಹಿಡಿದವನು ದೊರೆಯ ಪಕ್ಕ ಬಿಟ್ಟು ಕದಲುವವನಲ್ಲ. ಚಾಮರದವಳು, ದೀಪಕ್ಕೆ ಎಣ್ಣೆ ಎರೆಯುವವಳು, ಬಾಗಿಲ ಪಡಿಯರ, ಎಲ್ಲರನ್ನೂ ಹೊರಗೆ ಕಳಿಸಿಬಿಟ್ಟಿದ್ದೀಯ. ಅದಕ್ಕೇ ಪ್ರೇಮವೂ ಸಪ್ಪೆ, ಒಳಸಂಚೂ ಸಪ್ಪೆ.

ದೃಶ್ಯಕ್ಕೊಂದು ಹಾಳೆ ಇಟ್ಟುಕೋ. ಒಳಗೆ ಯಾರು, ಬಾಗಿಲಾಚೆ ಯಾರು, ಅವರು ಯಾರ ಅನ್ನದ ಋಣದಲ್ಲಿದ್ದಾರೆ, ಕೇಳಿದ ಮಾತು ಎಷ್ಟು ದಿನಕ್ಕೆ ಎಲ್ಲಿ ಮುಟ್ಟುತ್ತದೆ, ಬರೆದುಕೋ. ದೋರಸಮುದ್ರದಿಂದ ಬೆಳ್ಗೊಳಕ್ಕೆ, ಅಂದರೆ ಶ್ರವಣಬೆಳಗೊಳಕ್ಕೆ, ಸುಮಾರು 80 ಕಿಲೋಮೀಟರು, ಕಾಲ್ನಡಿಗೆಯಲ್ಲಿ ಮೂರು ದಿನ. ನಿನ್ನ ದೂತ ಸಂಜೆ ಹೊರಟವನು ಬೆಳಗಾಗುವಷ್ಟರಲ್ಲಿ ಅಲ್ಲಿ ದಂಡನಾಯಕ ಗಂಗರಾಜನ ಮುಂದೆ ನಿಂತಿದ್ದಾನೆ! ಕಥೆಯ ಆತಂಕವೆಲ್ಲ ಆ ಮೂರು ದಿನದಲ್ಲೇ ಇತ್ತಲ್ಲ.

ಅವನು ಒಯ್ದದ್ದು ಓಲೆಗರಿ ಎಂಬುದನ್ನೂ ಮರೆತೆ. ಕಂಠವೆಂಬ ಕಬ್ಬಿಣದ ಮೊನೆಲೇಖನಿಯಿಂದ ಕೊರೆಯಬೇಕು. ಜೋರಾಗಿ ಒತ್ತಿದರೆ ಗರಿ ಸೀಳುತ್ತದೆ, ಅವಸರಕ್ಕೆ ಗೀಚುವಂತಿಲ್ಲ. ಮಸಿ ತೀಡುವವರೆಗೆ ಅಕ್ಷರ ನೆಟ್ಟಗೆ ಕಾಣುವುದೂ ಇಲ್ಲ. ಮಸಿಯಿಲ್ಲದ ಓಲೆಯನ್ನು ದಾಸಿಯೊಬ್ಬಳು ದೀಪಕ್ಕೆ ಓರೆಯಾಗಿ ಹಿಡಿದು ತಡವರಿಸಿ ಓದಲಿ. ಮಸಿ ಬಳಿದರೆ ಓದಿದ್ದು ಬಯಲಾಗುತ್ತದೆ. ಇಷ್ಟು ಕೈಯಲ್ಲಿರುವಾಗ ಉಂಗುರದೊಳಗಿನ ವಿಷ ಏಕಮ್ಮಾ?

ದೊರೆಯ ಮತ್ತೊಬ್ಬ ರಾಣಿ ಲಕ್ಷ್ಮೀದೇವಿಯ ಕೈಗೆ ಆ ವಿಷ ಕೊಟ್ಟದ್ದಂತೂ ಅನ್ಯಾಯ. ಸವತಿಯರ ಜಿದ್ದು ಬೇಕಿದ್ದರೆ ಶಾಂತಲೆಯ ಬಿರುದೇ ಇದೆ: ‘ಉದ್ವೃತ್ತ ಸವತಿ ಗಂಧವಾರಣೆ’. ಸೊಕ್ಕಿದ ಸವತಿಯರಿಗೆ ಮದದಾನೆ ಎಂದು ಕಲ್ಲಿನಲ್ಲಿ ಹೊಗಳಿಸಿಕೊಂಡವಳನ್ನು ಅಳುಮುಂಜಿ ಮಾಡಿದ್ದೀಯ. 1117ರಲ್ಲಿ ಗಂಡ ಬೇಲೂರಿನಲ್ಲಿ ಕೇಶವನನ್ನು ನಿಲ್ಲಿಸಿದ. 1123ರಲ್ಲಿ ಹೆಂಡತಿ ಬೆಳ್ಗೊಳದಲ್ಲಿ ಶಾಂತಿನಾಥನಿಗೆ ಬಸದಿ ಕಟ್ಟಿಸಿ, ತನ್ನ ಬಿರುದನ್ನೇ ಅದಕ್ಕಿಟ್ಟಳು. ಅವಳಪ್ಪ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಆ ಆರು ವರ್ಷ ಗಂಡಹೆಂಡಿರ ನಡುವೆ ಏನೇನು ಮಾತಾಗಿರಬೇಕು! ಹಡಪದವನು ಎಲ್ಲ ಕೇಳಿಸಿಕೊಂಡೇ ಎಲೆಗೆ ಸುಣ್ಣ ಸವರಿರಬೇಕು. ನಿನ್ನ ಕಾದಂಬರಿ ಅಲ್ಲಿದೆ.

ಏಳನೇ ಅಧ್ಯಾಯ ಮೊದಲು ತಿದ್ದು. ಹಡಪದವನನ್ನು ಒಳಗೆ ಕರೆ, ಅವನಿಗೊಂದು ಮನೆ, ಸಾಲ, ಒಬ್ಬ ಯಜಮಾನ ಕೊಡು. ಗೆಳೆಯರಿಗೆ ತೋರಿಸಬೇಡ, ಹೊಗಳಿ ಕೈಕಟ್ಟುತ್ತಾರೆ. ನೇರ ನನಗೆ ಕಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ಅಣ್ಣ